ಫೋನ್ ಕರೆಯ ಧ್ವನಿಮುದ್ರಣ: ಬೆರೆಸಬಾರದ ಎರಡು ಪ್ರಶ್ನೆಗಳು

ದಾವಣಗೆರೆ ಎಪಿಎಂಸಿಯ ವರ್ತಕರೊಬ್ಬರು ಮೆಕ್ಕೆಜೋಳಕ್ಕೆ ಫೋನಿನಲ್ಲಿ ಒಂದು ದರ ಒಪ್ಪಿ, ಮಾಲು ಬಂದ ಮೇಲೆ ಅಂಥ ಮಾತೇ ಆಡಿಲ್ಲವೆಂದರು. ಜಗಳೂರು ಕಡೆಯ ರೈತರು ಆ ಕರೆಯನ್ನು ರೆಕಾರ್ಡ್ ಮಾಡಿಕೊಂಡಿದ್ದರು ಎಂದಿಟ್ಟುಕೊಳ್ಳೋಣ. ರೆಕಾರ್ಡ್ ಮಾಡಿದ್ದು ಕಾನೂನುಬಾಹಿರವೇ ಎಂಬುದು ಒಂದು ಪ್ರಶ್ನೆ, ಅದು ಸಾಕ್ಷ್ಯವಾಗುತ್ತದೆಯೇ ಎಂಬುದು ಇನ್ನೊಂದು. ಕಾನೂನು ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಇವೆರಡೂ ಸಾಮಾನ್ಯವಾಗಿ ಕಲಸಿಹೋಗುತ್ತವೆ.

ಮಾತಾಡುವವರಲ್ಲಿ ಒಬ್ಬರ ಒಪ್ಪಿಗೆ ಸಾಕು ಎಂದು ನಮ್ಮ ಯಾವ ಕಾಯ್ದೆಯೂ ನೇರವಾಗಿ ಹೇಳಿಲ್ಲ. ಆ ನಿಲುವಿಗೆ ಆಧಾರ ಆರ್.ಎಂ. ಮಲ್ಕಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1972ರಲ್ಲಿ ನೀಡಿದ ತೀರ್ಪು. ಲಂಚದ ಮಾತುಕತೆಯನ್ನು, ಮಾತಾಡಿದವರಲ್ಲಿ ಒಬ್ಬರಾದ ವೈದ್ಯರ ಒಪ್ಪಿಗೆಯಿಂದಲೇ, ಅವರದೇ ಫೋನಿಗೆ ಯಂತ್ರ ಜೋಡಿಸಿ ಪೊಲೀಸರು ಮುದ್ರಿಸಿಕೊಂಡಿದ್ದರಿಂದ, ಆಗ ಫೋನಿಗೂ ಅನ್ವಯಿಸುತ್ತಿದ್ದ ಟೆಲಿಗ್ರಾಫ್ ಕಾಯ್ದೆಯ ಉಲ್ಲಂಘನೆ ಆಗಿಲ್ಲವೆಂದು ನ್ಯಾಯಾಲಯ ಹೇಳಿತು. ನಮ್ಮ ರೈತರಿಗೆ ಈ ತರ್ಕ ಒದಗುತ್ತದೆ.

ಇಬ್ಬರ ಮಾತನ್ನು ಮೂರನೆಯವರು ಕದ್ದಾಲಿಸಿದರೆ ಚಿತ್ರವೇ ಬೇರೆ. ಕದ್ದಾಲಿಕೆ ಸಂವಿಧಾನದ 21ನೇ ವಿಧಿಯನ್ನು (ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು) ತಟ್ಟುತ್ತದೆಂದು, ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿತ್ತು. 2017ರ ಪುಟ್ಟಸ್ವಾಮಿ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕೆಂದೇ ಘೋಷಿಸಿತು. (ಅರ್ಜಿದಾರರಾದ ಕೆ.ಎಸ್. ಪುಟ್ಟಸ್ವಾಮಿ ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ.) ಸರ್ಕಾರವೂ ಕಾಯ್ದೆ ಹಾಕಿಕೊಟ್ಟ ಕ್ರಮದಂತೆ ಲಿಖಿತ ಆದೇಶ ಪಡೆದೇ ಕರೆಗಳನ್ನು ಆಲಿಸಬೇಕಿರುವಾಗ, ಮನೆಯವರ ಫೋನಿನಲ್ಲಿ ಗುಟ್ಟಾಗಿ ಆ್ಯಪ್ ಹಾಕುವವರಿಗೆ ಆ ಅಧಿಕಾರ ಎಲ್ಲಿಯದು?

ದಂಪತಿಗಳ ವಿಷಯ ತೊಡಕಿನದು. ಪತ್ನಿಯ ಕರೆಗಳನ್ನು ಆಕೆಗೆ ತಿಳಿಯದಂತೆ ಮುದ್ರಿಸುವುದು ಖಾಸಗಿತನದ ಉಲ್ಲಂಘನೆಯೆಂದು ಛತ್ತೀಸ್‌ಗಢ ಹೈಕೋರ್ಟ್ 2023ರಲ್ಲಿ ಹೇಳಿದ್ದರೆ, ವಿಭೋರ್ ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ದಂಪತಿಗಳ ನಡುವಿನ ಗುಪ್ತ ಧ್ವನಿಮುದ್ರಿಕೆಯನ್ನು ವೈವಾಹಿಕ ವ್ಯಾಜ್ಯದಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದೆಂದಿತು. ಇದನ್ನು ಎಲ್ಲರಿಗೂ ಸಿಕ್ಕ ಪರವಾನಗಿಯೆಂದು ಓದುವುದು ದುಡುಕು.

ಇನ್ನು ಸಾಕ್ಷ್ಯದ ಮಾತು. ಧ್ವನಿ ಯಾರದೆಂದು ಗುರುತಿಸಲಾಗಬೇಕು, ಮಾತು ವಿಷಯಕ್ಕೆ ಸಂಬಂಧಿಸಿರಬೇಕು, ತಿದ್ದುಪಡಿಯ ಶಂಕೆ ಇರಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಧ್ವನಿಮುದ್ರಣದ ಪ್ರತಿಯ ಜೊತೆಗೆ ಪ್ರಮಾಣಪತ್ರ ಬೇಕು; ಅದರ ಮೊದಲ ಭಾಗ ಹಾಜರುಪಡಿಸುವವರದು, ಎರಡನೆಯದು ತಜ್ಞರದು, ಎರಡರಲ್ಲೂ ಕಡತದ ಹ್ಯಾಶ್ ಮೌಲ್ಯ (ಕಡತಕ್ಕೆ ಬೆರಳಚ್ಚಿನಂತಿರುವ, ಕಡತ ಬದಲಾದರೆ ತಾನೂ ಬದಲಾಗುವ ಸಂಕೇತ) ನಮೂದಾಗಬೇಕು. ಆದ್ದರಿಂದ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ತುಣುಕನ್ನು ನೆಚ್ಚದೆ, ಮೂಲ ಕಡತವಿರುವ ಮೊಬೈಲನ್ನೇ ಜೋಪಾನ ಮಾಡಬೇಕು. ಧ್ವನಿ ತನ್ನದಲ್ಲವೆಂದು ಎದುರಾಳಿ ನಿರಾಕರಿಸಿದರೆ ಅವರ ಧ್ವನಿಯ ಮಾದರಿ ಪಡೆಯಲು ಮ್ಯಾಜಿಸ್ಟ್ರೇಟರು ಆದೇಶಿಸಬಹುದೆಂಬ 2019ರ ರಿತೇಶ್ ಸಿನ್ಹಾ ತೀರ್ಪು ಕ್ರಿಮಿನಲ್ ತನಿಖೆಗೆ ಸಂಬಂಧಿಸಿದ್ದು; ಬಾಕಿ ಹಣದ ಸಿವಿಲ್ ದಾವೆಗೆ ಅದನ್ನು ಹಾಗೆಯೇ ಎಳೆದು ತರುವಂತಿಲ್ಲ.