ಕಣ್ಣು ಮುಚ್ಚಿದರೂ ಸುಮ್ಮನಿರದ ಮಿದುಳು

‘ಕಣ್ ಮುಚ್ರಿ... ಹಾಂ, ಈಗ ತೆಗೀರಿ.’ ಕಲಬುರಗಿಯ ಸೇಡಂ ರಸ್ತೆಯ ಕ್ಲಿನಿಕ್ಕೊಂದರಲ್ಲಿ ಅಕ್ಕನ ಮಗನಿಗೆ ಇಇಜಿ (ತಲೆಗೆ ತಂತಿ ಅಂಟಿಸಿ ಮಿದುಳಿನ ವಿದ್ಯುತ್ತನ್ನು ಗೆರೆಗಳಾಗಿ ಬರೆಯುವ ಪರೀಕ್ಷೆ) ಮಾಡಿಸುವಾಗ ಟೆಕ್ನಿಷಿಯನ್ ಇದನ್ನೇ ಮತ್ತೆ ಮತ್ತೆ ಹೇಳುತ್ತಿದ್ದ. ಹುಡುಗ ಕಣ್ಣು ಮುಚ್ಚಿದ್ದೇ ತಡ, ತಲೆಯ ಹಿಂಬದಿಯ ಗೆರೆಗಳು ಒಂದೇ ಹದದಲ್ಲಿ ಕುಣಿಯತೊಡಗಿದವು. ತೆರೆದರೆ ಅಡಗಿದವು.

ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ ಆ ಆಲ್ಫಾ ಅಲೆಯನ್ನು ಲೋಕಕ್ಕೆ ತೋರಿಸಿದವರು ಜರ್ಮನಿಯ ಯೇನಾ ಊರಿನ ಮನೋವೈದ್ಯ ಹಾನ್ಸ್ ಬರ್ಗರ್. 1924ರಲ್ಲೇ ಮನುಷ್ಯರ ಮಿದುಳಿನ ವಿದ್ಯುತ್ತನ್ನು ದಾಖಲಿಸಿದರೂ ಪ್ರಕಟಿಸಿದ್ದು 1929ರಲ್ಲಿ. (ಅವರಿಗೆ ಟೆಲಿಪಥಿಯ ಹುಚ್ಚಿತ್ತು, ಅದು ಬೇರೆಯೇ ಕಥೆ.)

ಆಮೇಲೆ ಇದೇ ಅಲೆ ಸಂಶೋಧಕರಿಗೆ ಕಿರಿಕಿರಿಯಾಯಿತು. ಬೆಳಕಿಗೋ ಸ್ಪರ್ಶಕ್ಕೋ ಮಿದುಳು ಕೊಡುವ ಉತ್ತರ ಬಲು ಸಣ್ಣದು. ಶರಣಬಸವೇಶ್ವರ ಜಾತ್ರೆಯಲ್ಲಿ ಯಾರೋ ಹೆಸರು ಹಿಡಿದು ಕೂಗಿದ ಹಾಗೆ, ಇಂಥ ಅಲೆಗಳ ಗದ್ದಲದಲ್ಲಿ ಮುಳುಗಿಹೋಗುತ್ತದೆ. 1951ರಲ್ಲಿ ಲಂಡನ್ನಿನ ಜಾರ್ಜ್ ಡಾಸನ್ ಉಪಾಯ ಹುಡುಕಿದರು: ಅದೇ ಪ್ರಚೋದನೆಯನ್ನು ಹತ್ತಾರು ಸಲ ಕೊಟ್ಟು ಉತ್ತರಗಳನ್ನು ಕೂಡಿಸಿದರೆ ಗದ್ದಲ ಅಳಿದು ಕೂಗು ಉಳಿಯುತ್ತದೆ. ಜಾಣ ಲೆಕ್ಕ. ಆದರೆ ಅಳಿಸುವ ಚಟ ಹತ್ತಿದ ಮೇಲೆ ಗದ್ದಲಕ್ಕೆ ಕಿವಿಗೊಟ್ಟವರು ಕಡಿಮೆ.

1996ರಲ್ಲಿ ಇಸ್ರೇಲಿನ ಅಮೋಸ್ ಅರಿಯೆಲಿ ಮತ್ತು ಸಂಗಡಿಗರು ಬೆಕ್ಕಿನ ಮಿದುಳಿನಲ್ಲಿ ಕಂಡದ್ದು ಇದು: ಚಿತ್ರ ತೋರಿಸುವ ಮುನ್ನ ಅಲ್ಲಿ ನಡೆಯುತ್ತಿದ್ದ ಚಟುವಟಿಕೆಗೆ ಸರಾಸರಿ ಉತ್ತರವನ್ನು ಕೂಡಿಸಿದರೆ, ಆ ಸಲದ ನಿಜವಾದ ಉತ್ತರ ಹೆಚ್ಚುಕಡಿಮೆ ಸಿಕ್ಕಿಬಿಡುತ್ತಿತ್ತು! ಗದ್ದಲ ಬರೀ ಗದ್ದಲವಾಗಿರಲಿಲ್ಲ.

ಮನುಷ್ಯರಲ್ಲಿ? ಎಫ್‌ಎಂಆರ್‌ಐ ಎಂಬ ಸ್ಕ್ಯಾನ್ ರಕ್ತದ ಆಮ್ಲಜನಕವನ್ನು ನೋಡಿ ಮಿದುಳಿನ ಕೆಲಸ ಊಹಿಸುತ್ತದೆ. ಕೈ ಆಡಿಸದೆ ಮಲಗಿದ್ದರೂ ಎರಡೂ ಕೈಗಳನ್ನು ಆಡಿಸುವ ಎಡ–ಬಲದ ಭಾಗಗಳು ಒಂದೇ ನೊಗದ ಜೋಡೆತ್ತಿನಂತೆ ಒಟ್ಟಿಗೆ ಏರಿಳಿಯುತ್ತವೆ ಎಂದು ಭರತ್ ಬಿಸ್ವಾಲ್ 1995ರಲ್ಲಿ ತೋರಿಸಿದ್ದರು. 2006ರಲ್ಲಿ ಮೈಕೆಲ್ ಫಾಕ್ಸ್ ತಂಡ ಅದನ್ನೇ ಹಿಡಿದು ಹೊರಟಿತು. ಬಲಗೈಯಲ್ಲಿ ಗುಂಡಿ ಒತ್ತಿದಾಗ ಎದ್ದು ದುಡಿಯುವುದು ಎಡ ಮಿದುಳು. ಆ ಹೊತ್ತಿಗೆ ಕೆಲಸವಿಲ್ಲದ ಬಲಗಡೆಯ ಎತ್ತಿನ ನಡಿಗೆಯನ್ನು ಎಡಗಡೆಯದರಿಂದ ಕಳೆದರು. ಒಂದು ಒತ್ತಿಗೂ ಇನ್ನೊಂದಕ್ಕೂ ಇದ್ದ ಏರುಪೇರು ಬಹಳಷ್ಟು ಇಳಿಯಿತು.

ಸ್ಕ್ಯಾನರ್ ಒಳಗೇ ಇಇಜಿ ಹಾಕಿ, ಅಂಥ ಏರುಪೇರಿನಲ್ಲಿ ಆಲ್ಫಾದ ಪಾಲೆಷ್ಟು ಎಂದು ಅಳೆಯುವ ಪ್ರಯತ್ನಗಳೂ ನಡೆದವು. ತೊಡಕೆಂದರೆ, ರಕ್ತದ ಉತ್ತರ ಶಿಖರ ಮುಟ್ಟಲು ಸುಮಾರು 5 ಸೆಕೆಂಡು ಬೇಕು. ಅಷ್ಟರಲ್ಲಿ ಐವತ್ತು ಆಲ್ಫಾ ಅಲೆಗಳು ಬಂದು ಹೋಗಿರುತ್ತವೆ.

ನಮ್ಮ ಟೆಕ್ನಿಷಿಯನ್‌ಗೆ ಇದ್ಯಾವುದೂ ಬೇಕಿರಲಿಲ್ಲ. ಮೂರ್ಛೆರೋಗದ ಗುರುತಿದೆಯೇ ಎಂದಷ್ಟೇ ನೋಡಬೇಕಿತ್ತು. ಹುಡುಗನ ಕೂದಲಿಗಂಟಿದ ಪೇಸ್ಟ್ ಹೋಗಲು ಎರಡು ಸಲ ತಲೆ ತೊಳೆಯಬೇಕಾಯಿತು.