ಮೊದಲು ಬಿಸಿ, ಆಮೇಲೆ ಹಾಲು

ಕಣ್ಣು ಬಿಡದ ಬೆಕ್ಕಿನ ಮರಿ ಮಳೆಯಲ್ಲಿ ನೆಂದು ಬಿದ್ದಿದ್ದರೆ ನಾವೆಲ್ಲ ಮೊದಲು ಹುಡುಕುವುದು ಹಾಲನ್ನು. ಪಾಪ, ಹಸಿದಿರುತ್ತೆ ಅಲ್ವಾ? ಹಸಿವು ನಿಜ. ಆದರೆ ಮೈ ತಣ್ಣಗಾದ ಮರಿಗೆ ಹಾಲು ಕುಡಿಸಿದರೆ ಅದು ಸತ್ತೇ ಹೋಗಬಹುದು. ಇದು ಗೊತ್ತಿಲ್ಲದೆ ನಾನೊಂದು ಮರಿಯನ್ನು ಕಳೆದುಕೊಂಡೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹುಟ್ಟಿದ ಮರಿಯ ತೂಕ ಸುಮಾರು 100 ಗ್ರಾಂ. ಲೋಟದ ಕಾಫಿ ನಾಲ್ಕು ಮಾತಾಡುವಷ್ಟರಲ್ಲಿ ಆರಿಹೋಗುತ್ತದೆ. ಬಚ್ಚಲ ಹಂಡೆಯ ನೀರು ಬೆಳಗಿನವರೆಗೂ ಬೆಚ್ಚಗಿರುತ್ತದೆ. ಮರಿ ಆ ಲೋಟದ ಹಾಗೆ. ಚಳಿಯಾದರೆ ನಾವು ನಡುಗುತ್ತೇವೆ, ನಡುಗಿದಾಗ ಸ್ನಾಯುಗಳಲ್ಲಿ ಶಾಖ ಹುಟ್ಟುತ್ತದೆ. ಮೊದಲ ವಾರದ ಮರಿಗೆ ನಡುಗಲೂ ಬರುವುದಿಲ್ಲ.

ಮೈ ತಣ್ಣಗಾದರೆ ಕರುಳು ನಿಲ್ಲುತ್ತದೆ. ಚಳಿಗಾಲದಲ್ಲಿ ಹೆಪ್ಪು ಹಾಕಿದರೂ ಹಾಲು ಮೊಸರಾಗುವುದಿಲ್ಲ, ನೋಡಿದ್ದೀರಲ್ಲ? ಹೆಪ್ಪಿನ ಜೀವಿಗಳಿಗೆ ಕೆಲಸ ಮಾಡಲು ಬಿಸಿ ಬೇಕು. ಮರಿಯ ಹೊಟ್ಟೆಯ ಕಿಣ್ವಗಳೂ ಹಾಗೆಯೇ. ಜೊತೆಗೆ ಹಾಲನ್ನು ಮುಂದಕ್ಕೆ ತಳ್ಳುವ ಕರುಳಿನ ಅಲೆಯೂ ನಿಂತಿರುತ್ತದೆ. ಎತ್ತು ನಿಂತ ಗಾಣಕ್ಕೆ ಎಳ್ಳು ಸುರಿದಂತೆ, ಆರಿದ ಒಲೆಯ ಮೇಲೆ ಅಕ್ಕಿ ಇಟ್ಟಂತೆ. ಹಾಲು ಅಲ್ಲೇ ಕೂತು ಹುಳಿಯುತ್ತದೆ, ಹೊಟ್ಟೆ ಉಬ್ಬುತ್ತದೆ. ಮರಿಯ ಬಾಯೊಳಗೆ ಬೆರಳಿಟ್ಟು ನೋಡಿ. ತಣ್ಣಗಿದ್ದರೆ ಹಾಲು ಬೇಡ. ಬಿಸಿನೀರಿನ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ನಿಧಾನವಾಗಿ ಬೆಚ್ಚಗಾಗಲಿ.

ಶ್ರೀವೈಷ್ಣವರಲ್ಲಿ ಒಂದು ಹಳೆಯ ಚರ್ಚೆಯಿದೆ. ಮಂಗನ ಮರಿ ತಾನೇ ತಾಯಿಯನ್ನು ತಬ್ಬಿ ಹಿಡಿಯುತ್ತದೆ. ಬೆಕ್ಕಿನ ಮರಿ ಸುಮ್ನೆ ಇರುತ್ತದೆ, ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಭಕ್ತ ಯಾರಂತಿರಬೇಕು? ವಡಗಲೆಯವರು ಮಂಗನ ಮರಿಯಂತೆ ಎಂದರು, ತೆಂಗಲೆಯವರು ಬೆಕ್ಕಿನ ಮರಿಯಂತೆ ಎಂದರು. ಬೆಕ್ಕನ್ನು ಎಷ್ಟು ಚೆನ್ನಾಗಿ ನೋಡಿದ್ದರು! ಈ ಮರಿಗೆ ಉಚ್ಚೆ ಹೊಯ್ಯಲೂ ತಾಯಿಯೇ ನೆಕ್ಕಬೇಕು. ತಾಯಿಯಿಲ್ಲದಿದ್ದರೆ ಪ್ರತಿ ಸಲ ಹಾಲಾದ ಮೇಲೆ ಬೆಚ್ಚನೆಯ ಒದ್ದೆ ಹತ್ತಿಯಿಂದ ನಾವು ಆ ಜಾಗವನ್ನು ಮೆಲ್ಲಗೆ ಸವರಬೇಕು.

ಇನ್ನು ಕುಡಿಸುವ ರೀತಿ. ಮಗುವನ್ನು ಅಂಗಾತ ಮಲಗಿಸಿಕೊಂಡು ಒಳಲೆಯಲ್ಲಿ ಹಾಲು ಹಾಕುವುದನ್ನು ನೋಡಿ ಬೆಳೆದವರು ನಾವು. ಮರಿಗೆ ಹಾಗೆ ಮಾಡಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಅದು ತಾಯಿಯ ಬಳಿ ಕುಡಿಯುವ ಹಾಗೆ ಬೋರಲು ಮಲಗಿರಬೇಕು, ನಿಪ್ಪಲನ್ನು ತಾನೇ ಚೀಪಬೇಕು. ಬಾಟಲಿಯನ್ನು ಹಿಂಡಬೇಡಿ. ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಕುಡಿಸಬೇಕು.

ಹಸುವಿನ ಹಾಲು ಸಾಲದು. ಬೆಕ್ಕಿನ ಹಾಲಿನಲ್ಲಿ ಪ್ರೋಟೀನ್ ಅದರ ಎರಡರಷ್ಟಕ್ಕೂ ಜಾಸ್ತಿ. ಟಾರಿನ್ ಎಂಬ ಪೋಷಕಾಂಶವೂ ಹಸುವಿನ ಹಾಲಿನಲ್ಲಿ ತೀರಾ ಕಡಿಮೆ. ಅದಿಲ್ಲದಿದ್ದರೆ ಬೆಕ್ಕಿನ ಅಕ್ಷಿಪಟಲ ಹಾಳಾಗುತ್ತದೆ ಎಂದು 1975ರಲ್ಲಿ ತಿಳಿಯಿತು. ಬೆಕ್ಕಿನ ಮರಿಗೆಂದೇ ಮಾಡಿದ ಹಾಲಿನ ಪುಡಿ ಸಿಗುತ್ತದೆ, ಪಶುವೈದ್ಯರನ್ನು ಕೇಳಿ.

ಇನ್ನೊಂದು ಮಾತು. ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತೆ ಅಂತಾರೆ. ಏಳೇ ಎಂದು ಲೆಕ್ಕವೇನಿಲ್ಲ, ಆದರೆ ಜಾಗ ಬದಲಿಸುವುದು ನಿಜ. ಒಂದೊಂದೇ ಮರಿಯನ್ನು ಸಾಗಿಸುವಾಗ ಉಳಿದವು ಒಂಟಿಯಾಗಿ ಕಾಣುತ್ತವೆ. ಮರಿ ಬೆಚ್ಚಗಿದ್ದು ಅಪಾಯದಲ್ಲಿಲ್ಲದಿದ್ದರೆ ಸ್ವಲ್ಪ ಹೊತ್ತು ದೂರ ನಿಂತು ನೋಡಿ. ನೀವು ಆಗಲೇ ಮುಟ್ಟಿದ್ದರೂ ಪರವಾಗಿಲ್ಲ. ಮನುಷ್ಯರ ವಾಸನೆ ಬಂತೆಂದು ತಾಯಿ ಬೆಕ್ಕು ಮರಿಯನ್ನು ಬಿಟ್ಟುಹೋಗುವುದಿಲ್ಲ.