ಎಣ್ಣೆ ತಿಕ್ಕಿದರೆ ಜೋಲುವ ಪಾದ ಮೇಲೇಳುತ್ತದೆಯೇ?

ಪ್ರಶ್ನೆ: ಅಡಿಕೆ ಸುಲಿಯುವ ಹಂಗಾಮಿನಲ್ಲಿ ನಮ್ಮ ತಂದೆಯವರ ಎಡಪಾದ ಜೋಲು ಬಿದ್ದಿದೆ. ಒಂದು ತಿಂಗಳಿಂದ ಎಣ್ಣೆ ತಿಕ್ಕಿಸುತ್ತಿದ್ದೇವೆ. ನರ ಎಚ್ಚರಗೊಳ್ಳಲು ಇನ್ನೆಷ್ಟು ದಿನ ಬೇಕು? ಫಿಸಿಯೋಥೆರಪಿ ಮಾಡಿಸಲೇಬೇಕೇ?
— ಶಿರಸಿಯ ಓದುಗರೊಬ್ಬರು

ಉತ್ತರ: ಫಿಸಿಯೋಥೆರಪಿ ಬೇಕು. ಅದಕ್ಕೂ ಮೊದಲು, ಪಾದ ಜೋಲಲು ಕಾರಣವೇನೆಂದು ವೈದ್ಯರಿಂದ ತಿಳಿದುಕೊಳ್ಳಬೇಕು. ಮೊಳಕಾಲಿನ ಹೊರಬದಿಯಲ್ಲಿ, ತುಸು ಕೆಳಗೆ, ಬೆರಳಿಗೆ ಸಿಗುವ ಗುಂಡನೆಯ ಮೂಳೆಯೊಂದಿದೆ. ಅದರ ಕುತ್ತಿಗೆಯನ್ನು ಬಳಸಿಕೊಂಡು ಪಾದವನ್ನು ಮೇಲೆತ್ತಿಸುವ ಪೆರೋನಿಯಲ್ ನರವು ಚರ್ಮದ ಅಡಿಯಲ್ಲೇ ಹಾದುಹೋಗುತ್ತದೆ. ಗಂಟೆಗಟ್ಟಲೆ ಕಾಲು ಮಡಚಿ ಕುಳಿತರೆ ಅದು ಅಲ್ಲಿಯೇ ಅದುಮಿಕೊಳ್ಳಬಹುದು. ಸೊಂಟದ ಡಿಸ್ಕ್ ಜಾರುವುದು, ಸಕ್ಕರೆ ಕಾಯಿಲೆ, ಬಿಗಿಯಾದ ಪ್ಲಾಸ್ಟರ್, ಕುಷ್ಠರೋಗ ಇವೂ ಕಾರಣವಾಗಬಹುದು. ಪಾದ ಒಮ್ಮೆಲೇ ಜೋಲಿ, ಜೊತೆಗೆ ಮಾತು ತೊದಲಿದರೆ ಅಥವಾ ಮೂತ್ರ ಕಟ್ಟಿದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಎಣ್ಣೆಯ ವಿಷಯ. ‘ನರ ಮಲಗಿದೆ, ತಿಕ್ಕಿ ಎಬ್ಬಿಸಬೇಕು’ ಎಂಬ ಮಾತನ್ನು ನಾನು ಎಷ್ಟು ಬಾರಿ ಅಲ್ಲಗಳೆದಿದ್ದೇನೋ ಲೆಕ್ಕವಿಲ್ಲ. ಆದರೂ ಪ್ರತಿ ವರ್ಷ ಸುಲಿತ ಮುಗಿಯುವ ಹೊತ್ತಿಗೆ ಅದು ಮತ್ತೆ ಬಂದು ನನ್ನೆದುರು ಕೂರುತ್ತದೆ. ನರ ಮಲಗುವುದಿಲ್ಲ. ಅದುಮಿಕೊಂಡಾಗ ಅದರ ಹೊದಿಕೆ ಹಾಳಾಗುತ್ತದೆ, ಪೆಟ್ಟು ಜೋರಾಗಿದ್ದರೆ ಒಳಗಿನ ಎಳೆಗಳೇ ಕಡಿಯುತ್ತವೆ. ಹೊದಿಕೆ ಮಾತ್ರ ಹಾಳಾಗಿದ್ದರೆ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ಅದು ಸಾಮಾನ್ಯವಾಗಿ ತಾನಾಗಿಯೇ ಸರಿಹೋಗುತ್ತದೆ. ಈ ಗುಣವಾಗುವಿಕೆಯ ಕೀರ್ತಿಯನ್ನೇ ಎಣ್ಣೆ ಪಡೆದುಕೊಳ್ಳುವುದು. ಹೀಗೆ ವಾಸಿಯಾದ ಒಬ್ಬರನ್ನು ನೋಡಿ ಊರಿಡೀ ನಂಬುತ್ತದೆ. ಎಳೆಗಳು ಕಡಿದಿದ್ದರೆ ಅವು ದಿನಕ್ಕೆ ಸುಮಾರು 1 ಮಿ.ಮೀ.ನಷ್ಟು ಮಾತ್ರ ಚಿಗುರಿ ಮುಂದೆ ಸಾಗುತ್ತವೆ, ಮತ್ತು ಹೊರಗಿನಿಂದ ಎಷ್ಟು ತಿಕ್ಕಿದರೂ ಆ ವೇಗ ಹೆಚ್ಚುವುದಿಲ್ಲ.

ವ್ಯರ್ಥವಾಗುವುದಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ತಿಕ್ಕುವವರು ಹೆಬ್ಬೆರಳೂರಿ ಒತ್ತುವುದು ಹೆಚ್ಚಾಗಿ ಮೊಳಕಾಲಿನ ಆ ಹೊರಬದಿಯನ್ನೇ, ಅಂದರೆ ನೊಂದ ನರವನ್ನೇ. ಆಮೇಲೆ ಬಿಸಿ ಉಪ್ಪಿನ ಗಂಟು ಇಡುತ್ತಾರೆ. ಒಬ್ಬ ಅಜ್ಜಿಯ ಪಾದದ ಮೇಲ್ಭಾಗದಲ್ಲಿ ನಾಲ್ಕಾಣೆಯಗಲದ ಬೊಬ್ಬೆ ಎದ್ದಿತ್ತು; ಸ್ಪರ್ಶವೇ ಇಲ್ಲದ ಜಾಗವಾದ್ದರಿಂದ ಸುಟ್ಟದ್ದು ಅವರಿಗೆ ತಿಳಿದಿರಲಿಲ್ಲ, ಮೊಮ್ಮಗಳು ಕಾಲು ತೊಳೆಯುವಾಗ ನೋಡಿದಳು. ಎಲ್ಲಕ್ಕಿಂತ ದೊಡ್ಡ ನಷ್ಟ ಕಾಲದ್ದು. ಪಾದ ಜೋತೇ ಇದ್ದರೆ ಮೀನಖಂಡ ಮತ್ತು ಹಿಮ್ಮಡಿಯ ಹುರಿ ಗಿಡ್ಡವಾಗುತ್ತವೆ. ಮುಂದೆ ನರ ಸರಿಯಾದರೂ ಪಾದ ಮೇಲೇಳಲಾರದು. ಒಣಗಿದ ಚರ್ಮಕ್ಕೆ ಹಗುರವಾಗಿ ಎಣ್ಣೆ ಸವರುವುದಕ್ಕೆ ನನ್ನ ಅಭ್ಯಂತರವಿಲ್ಲ.

ಫಿಸಿಯೋಥೆರಪಿಯೂ ನರವನ್ನು ಬೆಳೆಸುವುದಿಲ್ಲ. ನರ ಮರಳುವವರೆಗೆ ಕೀಲು, ಸ್ನಾಯುಗಳನ್ನು ಸಿದ್ಧವಾಗಿಡುವುದು ನಮ್ಮ ಕೆಲಸ. ಕಾಲು ನೀಡಿ ಕುಳಿತು, ಅಂಗಾಲಿಗೆ ಟವೆಲ್ ಹಾಕಿ, ಮೊಳಕಾಲು ಮಡಚದೆ ಪಾದವನ್ನು ತಮ್ಮತ್ತ ಎಳೆದು ಮೂವತ್ತು ಎಣಿಸುವಷ್ಟು ಹೊತ್ತು ಹಿಡಿಯುವುದನ್ನು ದಿನಕ್ಕೆ ಹಲವು ಬಾರಿ ಮಾಡಬೇಕು. ನಡೆಯುವಾಗ ಪಾದವನ್ನು ನೇರವಾಗಿ ಹಿಡಿದಿಡುವ ಸ್ಪ್ಲಿಂಟ್ ಹಾಕಿದರೆ ಹೊಸ್ತಿಲು, ಚಿರೆಕಲ್ಲಿನ ಮೆಟ್ಟಿಲು ಎಡವುವುದು ತಪ್ಪುತ್ತದೆ. ಬೆರಳು ಒಂದಿಷ್ಟೇ ಮಿಸುಕಿದ ದಿನದಿಂದ ಹಿಮ್ಮಡಿಯನ್ನು ನೆಲಕ್ಕಿಟ್ಟು ಮುಂಗಾಲನ್ನು ಎತ್ತುವ ಅಭ್ಯಾಸ, ನಂತರ ರಬ್ಬರ್ ಪಟ್ಟಿಯ ಎದುರು ಎಳೆತ, ಕೊನೆಗೆ ನಡಿಗೆಯ ತರಬೇತಿ. ಕೆಲವರಿಗೆ ವಿದ್ಯುತ್ ಪ್ರಚೋದನೆ ಕೊಡುತ್ತೇವೆ, ಆದರೆ ಅದು ವ್ಯಾಯಾಮಕ್ಕೆ ಬದಲಿಯಲ್ಲ. ಹಲವು ತಿಂಗಳು ಕಾದರೂ ಸುಧಾರಣೆ ಕಾಣದಿದ್ದರೆ, ಬೇರೆ ಸ್ನಾಯುವಿನ ಹುರಿಯನ್ನು ಪಾದದ ಮೇಲ್ಭಾಗಕ್ಕೆ ಜೋಡಿಸುವ ಶಸ್ತ್ರಚಿಕಿತ್ಸೆಯೂ ಇದೆ.

ನೀವು ಕೇಳದ ಒಂದು ಮಾತನ್ನು ಹೇಳುವುದು ಉಳಿದಿದೆ. ಮನೆಯಲ್ಲಿ ಸುಲಿಯಲು ಕೂರುವವರು ಇನ್ನೂ ಇದ್ದಾರಷ್ಟೆ? ಮೈ ಬಡಕಲಾದವರಿಗೂ ಸಕ್ಕರೆ ಕಾಯಿಲೆಯವರಿಗೂ ಈ ಅಪಾಯ ಹೆಚ್ಚು, ಏಕೆಂದರೆ ಬಡಕಲು ಮೈಯಲ್ಲಿ ಆ ನರಕ್ಕೆ ಮೆತ್ತೆಯಾಗುವ ಕೊಬ್ಬು ಇರುವುದಿಲ್ಲ, ಸಕ್ಕರೆ ಕಾಯಿಲೆಯಲ್ಲಿ ನರ ಮೊದಲೇ ದುರ್ಬಲವಾಗಿರುತ್ತದೆ. ಕೂರುವ ಮಣೆಯನ್ನು ಎತ್ತರಿಸಿ, ಅರ್ಧ ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕುವಂತೆ ಅವರಿಗೆ ಹೇಳಿ. ಪಾದದ ಮೇಲ್ಭಾಗ ಜುಮುಗುಟ್ಟತೊಡಗಿದರೆ, ಬುಟ್ಟಿಯಲ್ಲಿ ಎಷ್ಟೇ ಅಡಿಕೆ ಉಳಿದಿರಲಿ, ಆಗಲೇ ಕಾಲು ಚಾಚಲಿ.